ಕೆಂಪು ಕೊಡೆಯ ಅಣಬೆ ನಮ್ಮ ಮಣ್ಣಿನಲ್ಲಿ ಏಕೆ ಏಳುವುದಿಲ್ಲ

ಹುಬ್ಬಳ್ಳಿ-ಧಾರವಾಡದ ಉದ್ಯಾನಗಳಲ್ಲಿ, ಅಂಗನವಾಡಿಗಳ ಗೋಡೆಯ ಮೇಲೆ, ಹೆದ್ದಾರಿ ಬದಿಯ ಖಾನಾವಳಿಗಳ ಮುಂದಿನ ಹುಲ್ಲುಹಾಸಿನಲ್ಲಿ ಒಂದು ಅಣಬೆ ವರ್ಷವಿಡೀ ನಿಂತಿರುತ್ತದೆ. ಸಿಮೆಂಟಿನದಾದರೆ ಅದರ ಕೆಳಗೆ ಕೂರಲು ಒಂದು ಕಟ್ಟೆ ಇರುತ್ತದೆ, ಚಿತ್ರವಾದರೆ ಪಕ್ಕದಲ್ಲಿ ಒಂದು ಮೊಲ ಇರುತ್ತದೆ. ಕೆಂಪು ಕೊಡೆ, ಅದರ ಮೇಲೆ ಬಿಳಿ ಚುಕ್ಕೆ, ಕೆಳಗೆ ಬಿಳಿಯ ದಂಟು. ಅಣಬೆಯ ಚಿತ್ರ ಬಿಡಿಸಿರೆಂದು ಮಕ್ಕಳಿಗೆ ಹೇಳಿದರೆ ಅವರು ಬಿಡಿಸುವುದು ಇದನ್ನೇ, ಮೊಬೈಲಿನ ಪುಟ್ಟ ಚಿತ್ರಗಳ ಸಾಲಿನಲ್ಲಿರುವುದೂ ಇದೇ. ಆದರೆ ಧಾರವಾಡ, ಗದಗ, ಹಾವೇರಿ ಸೀಮೆಯ ಹೊಲದ ಬದುಗಳಲ್ಲಾಗಲಿ, ಗುಡ್ಡದ ಓರೆಗಳಲ್ಲಾಗಲಿ ಈ ಅಣಬೆ ತಾನಾಗಿ ಎದ್ದದ್ದನ್ನು ನಾನು ನೋಡಿಲ್ಲ, ಮುಂದೆ ನೋಡುವ ನಿರೀಕ್ಷೆಯೂ ನನಗಿಲ್ಲ. ಮಳೆ ಕಡಿಮೆಯೆಂದೋ ಬಿಸಿಲು ಹೆಚ್ಚೆಂದೋ ಹೇಳಿ ಮುಗಿಸುವ ವಿಷಯ ಇದಲ್ಲ. ಈ ಅಣಬೆಯ ಅರ್ಧ ದೇಹ ಬೇರೊಂದು ಜೀವಿಯ ಬೇರಿನಲ್ಲಿ ಇರುತ್ತದೆ, ಆ ಜೀವಿ ನಮ್ಮಲ್ಲಿಲ್ಲ.

ಇದರ ಶಾಸ್ತ್ರೀಯ ಹೆಸರು ಅಮನಿಟಾ ಮಸ್ಕೇರಿಯಾ, ಇಂಗ್ಲಿಷಿನ ಬಳಕೆಯ ಹೆಸರು ಫ್ಲೈ ಅಗ್ಯಾರಿಕ್. ಸ್ವೀಡನ್ನಿನ ಲಿನಿಯಸ್ 1753ರಲ್ಲಿ ಇದನ್ನು ಅಗ್ಯಾರಿಕಸ್ ಕುಲಕ್ಕೆ ಸೇರಿಸಿ ಹೆಸರಿಟ್ಟ, 1783ರಲ್ಲಿ ಫ್ರಾನ್ಸಿನ ಲಮಾರ್ಕ್ ಅಮನಿಟಾ ಕುಲಕ್ಕೆ ತಂದ. ಹೆಸರಿನಲ್ಲಿ ನೊಣ ಸೇರಿಕೊಂಡದ್ದಕ್ಕೆ ಯುರೋಪಿನ ಹಳ್ಳಿಗಳ ಒಂದು ರೂಢಿ ಕಾರಣ. ಅಣಬೆಯನ್ನು ಚೂರು ಮಾಡಿ ಹಾಲಿನಲ್ಲಿ ಹಾಕಿ ಕಿಟಕಿಯ ಬಳಿ ಇಟ್ಟರೆ ನೊಣಗಳು ಬಂದು ಕುಡಿದು ಬೀಳುತ್ತಿದ್ದವು. 13ನೆಯ ಶತಮಾನದ ಆಲ್ಬರ್ಟಸ್ ಮ್ಯಾಗ್ನಸ್ ಇದನ್ನು ಬರೆದಿಟ್ಟಿದ್ದಾನೆ. ಬಿದ್ದ ನೊಣಗಳಲ್ಲಿ ಹಲವು ಸತ್ತಿರುವುದಿಲ್ಲ, ಮತ್ತೇರಿ ಮಲಗಿರುತ್ತವೆ, ಗುಡಿಸಿ ಹಾಕದಿದ್ದರೆ ಎದ್ದು ಹಾರಿಹೋಗುತ್ತವೆ. ಮನುಷ್ಯರ ಮೇಲೆ ಇದು ಏನು ಮಾಡುತ್ತದೆ ಎಂಬುದರ ಮೊದಲ ಸುಳಿವು ಆ ನೊಣಗಳಲ್ಲೇ ಇತ್ತು.

ನಾನು ಇದನ್ನು ಜೀವಂತವಾಗಿ ನೋಡಿದ್ದು ತಮಿಳುನಾಡಿನ ಕೊಡೈಕಾನಲ್ ಬೆಟ್ಟದಲ್ಲಿ, ಅರಣ್ಯ ಇಲಾಖೆಯವರು ನೆಟ್ಟ ಪೈನ್ ತೋಪೊಂದರ ನೆರಳಿನಲ್ಲಿ. ಸುಮಾರು ಎರಡು ಸಾವಿರ ಮೀಟರ್ ಎತ್ತರದ ತಂಪು ಜಾಗ. ನೆಲದ ತುಂಬ ಉದುರಿದ ಸೂಜಿ ಎಲೆಗಳ ಮೆತ್ತನೆಯ ಹಾಸು, ಅದರ ಕೆಳಗೆ ಕಪ್ಪಗೆ ತೇವವಾದ ಮಣ್ಣು. ಚಿತ್ರದಲ್ಲಿ ನೋಡಿ ನೋಡಿ ರೂಢಿಯಾದ ಕಣ್ಣಿಗೆ ಮೊದಲು ಗೊತ್ತಾಗುವುದು, ನಿಜವಾದ ಅಣಬೆ ಒಂದೇ ರೂಪದಲ್ಲಿ ನಿಂತಿರುವುದಿಲ್ಲ ಎಂಬುದು. ಒಂದೇ ಮರದ ಬುಡದಲ್ಲಿ ಅದರ ಬಾಲ್ಯ, ಯೌವನ, ಮುಪ್ಪು ಎಲ್ಲವೂ ಒಟ್ಟಿಗೆ ಇದ್ದವು, ಮತ್ತು ಆ ಮೂರನ್ನೂ ಒಂದೇ ಜಾತಿಯೆಂದು ಗುರುತಿಸಲು ಬಗ್ಗಿ ನೋಡಬೇಕಾಯಿತು.

ಮೊದಲಿಗೆ ಅದು ಸೂಜಿ ಎಲೆಗಳನ್ನು ಎತ್ತಿಕೊಂಡು ಬರುವ ಬಿಳಿಯ ಮೊಟ್ಟೆ. ಈ ಹಂತದಲ್ಲಿ ಕೆಂಪು ಎಲ್ಲೂ ಕಾಣುವುದಿಲ್ಲ, ಏಕೆಂದರೆ ಇಡೀ ಅಣಬೆಯನ್ನು ಒಂದು ಬಿಳಿಯ ಪರೆ ಸುತ್ತಿಕೊಂಡಿರುತ್ತದೆ. ಮೊಟ್ಟೆಯನ್ನು ನೆತ್ತಿಯಿಂದ ಬುಡಕ್ಕೆ ಸೀಳಿದರೆ ಪರೆಯ ಕೆಳಗೆ ಹಳದಿ ಬಣ್ಣದ ತೆಳುವಾದ ಗೆರೆಯೊಂದು ಕಾಣುತ್ತದೆ. ಮುಂದೆ ಕೆಂಪು ಚರ್ಮವಾಗುವ ಪದರ ಅದೇ. ಒಳಗೆ ಕೊಡೆ, ಅದರ ಅಡಿಯ ತೆಳು ಹಾಳೆಗಳಂಥ ಕಿವಿರು, ದಂಟು ಎಲ್ಲವೂ ಮಡಿಸಿಟ್ಟಂತೆ ಸಿದ್ಧವಾಗಿರುತ್ತವೆ. ಕೊಡೆ ಉಬ್ಬಿದಂತೆ ಪರೆ ಅದರೊಂದಿಗೆ ಹಿಗ್ಗಲಾರದು, ಆದ್ದರಿಂದ ಹಳೆಯ ಗೋಡೆಯ ಸುಣ್ಣ ಬಿರಿದಂತೆ ಅದು ಚೂರುಚೂರಾಗಿ ಒಡೆದು ಕೆಂಪು ಚರ್ಮದ ಮೇಲೆ ಅಲ್ಲಲ್ಲಿ ಅಂಟಿಕೊಂಡು ಉಳಿಯುತ್ತದೆ. ಚಿತ್ರಕಾರರು ದುಂಡಗೆ ಬರೆಯುವ ಬಿಳಿ ಚುಕ್ಕೆಗಳು ನಿಜಕ್ಕೂ ಚುಕ್ಕೆಗಳಲ್ಲ, ಹರಿದುಹೋದ ಹೊದಿಕೆಯ ಚಕ್ಕೆಗಳು. ಅವು ಸಣ್ಣ ಗೋಪುರದಂತೆ ಮೊನಚಾಗಿ ನಿಂತಿರುತ್ತವೆ, ಉಗುರಿನಿಂದ ಕೆರೆದರೆ ಉದುರುತ್ತವೆ. ಒಂದು ಬಿರುಸು ಮಳೆ ಬಿದ್ದರೆ ಸಾಕು, ಅವೆಲ್ಲ ತೊಳೆದುಹೋಗಿ ಚುಕ್ಕೆಯೇ ಇಲ್ಲದ ಬೋಳು ಕೆಂಪು ಅಣಬೆ ಉಳಿಯುತ್ತದೆ. ಬಿಳಿ ಚುಕ್ಕೆಯಿಂದಲೇ ಇದನ್ನು ಗುರುತಿಸುವೆನೆಂದು ಹೊರಟವನು ಮಳೆ ಬಂದ ಮರುದಿನ ಸೋಲುತ್ತಾನೆ.

ಪೂರ್ತಿ ಬಿರಿದ ಕೊಡೆ ಸಾಮಾನ್ಯವಾಗಿ 8ರಿಂದ 20 ಸೆಂಟಿಮೀಟರ್ ಅಗಲವಿರುತ್ತದೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಮೊದಲು ಗೋಳಾಕಾರ, ಆಮೇಲೆ ಅರ್ಧಗೋಳ, ಕೊನೆಗೆ ತಟ್ಟೆಯಂತೆ ಚಪ್ಪಟೆ. ಬಿಸಿಲು ಮತ್ತು ಮಳೆ ಬಿದ್ದಂತೆ ಕೆಂಪು ಮಾಸಿ ಕಿತ್ತಳೆಗೆ, ಅಲ್ಲಿಂದ ಹಳದಿಗೆ ತಿರುಗುತ್ತದೆ. ಕೊಡೆಯ ಅಂಚಿನಲ್ಲಿ ನವಿರಾದ ಗೀರುಗಳಿರುತ್ತವೆ. ಕೆಳಗಿನ ಕಿವಿರುಗಳು ಅಚ್ಚ ಬಿಳಿ, ಒತ್ತೊತ್ತಾಗಿ ಜೋಡಿಸಿದಂತಿದ್ದು ದಂಟಿಗೆ ಅಂಟದೆ ನಿಲ್ಲುತ್ತವೆ. ಉದುರುವ ಬೀಜಕಣಗಳೂ ಬಿಳಿಯೇ, ಒಂದೊಂದು ಸುಮಾರು 9ರಿಂದ 13 ಮೈಕ್ರೋಮೀಟರ್ ಉದ್ದದ ಮೊಟ್ಟೆಯಾಕಾರದ ಕಣ. ದಂಟಿನ ಮೇಲ್ಭಾಗದಲ್ಲಿ ಬಿಳಿಯ ಲಂಗದಂತೆ ಇಳಿಬಿದ್ದ ಉಂಗುರ, ಅದು ಎಳೆಯ ಕಿವಿರುಗಳನ್ನು ಮುಚ್ಚಿದ್ದ ಎರಡನೆಯ ಪರೆಯ ಅವಶೇಷ. ದಂಟಿನ ಬುಡ ಗೆಡ್ಡೆಯಂತೆ ಊದಿಕೊಂಡಿರುತ್ತದೆ, ಅದರ ಸುತ್ತ ಚಕ್ಕೆಗಳ ಎರಡು ಮೂರು ಸಾಲುಗಳು ಬಳೆ ತೊಡಿಸಿದಂತೆ ಇರುತ್ತವೆ. ಗೋಡೆಯ ಚಿತ್ರಗಳಲ್ಲಿ ಈ ಬುಡ ಎಂದೂ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಹಸಿರು ಬಣ್ಣದ ಹುಲ್ಲು ಬಳಿದಿರುತ್ತಾರೆ. ಆದರೆ ಅಣಬೆ ನೋಡುವವರಿಗೆ ಅತ್ಯಂತ ಮುಖ್ಯವಾದ ಭಾಗ ಅದೇ. ಈ ಕುಲದಲ್ಲೇ ಇರುವ, ಯಕೃತ್ತನ್ನು ನಾಶಮಾಡಿ ಕೊಲ್ಲುವ ಅಮನಿಟಾ ಫ್ಯಾಲಾಯ್ಡಿಸ್ ಎಂಬ ಅಣಬೆಯ ಗುರುತೂ ಬುಡದಲ್ಲಿರುತ್ತದೆ. ಅಲ್ಲಿ ಚಕ್ಕೆಯ ಸಾಲುಗಳ ಬದಲು ಒಂದು ಚೀಲವೇ ಇರುತ್ತದೆ. ದಂಟನ್ನು ಮೇಲಿನಿಂದ ಮುರಿದು ತಂದವರ ಕೈಯಲ್ಲಿ ಈ ಸಾಕ್ಷ್ಯ ಉಳಿದಿರುವುದಿಲ್ಲ.

ಕೆಂಪಿನ ಬಗ್ಗೆ ಇನ್ನೆರಡು ಮಾತು ಹೇಳಬೇಕು, ಏಕೆಂದರೆ ನನಗೆ ಅದು ಇದರ ಮಾದಕ ಗುಣಕ್ಕಿಂತ ಹೆಚ್ಚು ಸೋಜಿಗದ್ದು. ಆ ಬಣ್ಣ ಬರುವುದು ಬೀಟಲೇನ್ ಎಂಬ ವರ್ಗದ ವರ್ಣದ್ರವ್ಯಗಳಿಂದ. ನಾವು ದಿನವೂ ಪಲ್ಯ ಮಾಡುವ ಬೀಟ್‌ರೂಟಿನ ಕೆಂಪೂ, ದಂಟಿನ ಸೊಪ್ಪಿನ ಕೆಂಪೂ ಇದೇ ವರ್ಗದವು. ಸಸ್ಯಗಳಲ್ಲಿ ಅದು ಕೆಲವೇ ಕುಟುಂಬಗಳಲ್ಲಿದೆ, ಅಣಬೆಗಳಲ್ಲಿ ಇನ್ನೂ ವಿರಳ. ಇದಕ್ಕಿಂತ ವಿಚಿತ್ರವಾದದ್ದು ಇದರೊಳಗಿನ ವನೇಡಿಯಂ. ಉಕ್ಕಿಗೆ ಬೆರೆಸುವ ಈ ಲೋಹವನ್ನು ಅಮನಿಟಾ ಮಸ್ಕೇರಿಯಾ ಮಣ್ಣಿನಿಂದ ಹೀರಿ, ಸಸ್ಯಗಳಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ನೂರಾರು ಪಟ್ಟು ಹೆಚ್ಚಾಗಿ ತನ್ನ ದೇಹದಲ್ಲಿ ಕೂಡಿಡುತ್ತದೆ. ಅದನ್ನು ಹಿಡಿದಿಡುವ ಅಮವಾಡಿನ್ ಎಂಬ ಸಂಯುಕ್ತವನ್ನು 1972ರಲ್ಲಿ ಬೇರ್ಪಡಿಸಲಾಯಿತು. ಅಣಬೆಗೆ ಈ ಲೋಹದಿಂದ ಏನು ಪ್ರಯೋಜನ ಎಂಬ ಚರ್ಚೆ ಮುಗಿದಿಲ್ಲ.

ಈಗ ನೆಲೆಯ ವಿಷಯಕ್ಕೆ ಬರೋಣ. ನೆಲದ ಮೇಲೆ ಕಾಣುವ ಕೊಡೆ ಅಣಬೆಯ ಹಣ್ಣು ಮಾತ್ರ. ನಿಜವಾದ ಜೀವಿ ಮಣ್ಣಿನೊಳಗೆ ಹರಡಿರುವ ಬಿಳಿಯ ಎಳೆಗಳ ಬಲೆ. ಅಮನಿಟಾ ಮಸ್ಕೇರಿಯಾದ ಎಳೆಗಳು ಮರದ ಎಳೆಬೇರುಗಳ ತುದಿಗೆ ಕವಚದಂತೆ ಸುತ್ತಿಕೊಳ್ಳುತ್ತವೆ, ಅಲ್ಲಿಂದ ಬೇರಿನ ಹೊರಕೋಶಗಳ ನಡುವಿನ ಸಂದುಗಳಿಗೆ ನುಗ್ಗಿ ಜಾಲವಾಗುತ್ತವೆ, ಆದರೆ ಕೋಶದ ಒಳಗೆ ಹೋಗುವುದಿಲ್ಲ. ಆ ಗಡಿಯಲ್ಲಿ ವಿನಿಮಯ ನಡೆಯುತ್ತದೆ. ಮರ ಎಲೆಯಲ್ಲಿ ಮಾಡಿದ ಸಕ್ಕರೆಯನ್ನು ಕೊಡುತ್ತದೆ, ಶಿಲೀಂಧ್ರ ದೂರದ ಮಣ್ಣಿನಿಂದ ಹೀರಿ ತಂದ ರಂಜಕ, ಸಾರಜನಕ ಮತ್ತು ನೀರನ್ನು ಕೊಡುತ್ತದೆ. ಮರವಿಲ್ಲದಿದ್ದರೆ ಈ ಅಣಬೆ ಕೊಡೆ ಬಿಡಿಸುವುದಿಲ್ಲ. ಸಗಣಿಯ ಮೇಲೋ, ಕೊಳೆತ ಹುಲ್ಲಿನ ಮೇಲೋ, ಸತ್ತ ಕಟ್ಟಿಗೆಯ ಮೇಲೋ ಬದುಕುವ ಅಣಬೆಗಳನ್ನು ಹುಲ್ಲಿನ ಕಂತೆಗಳಲ್ಲಿ ಬೆಳೆಸಬಹುದು, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸುತ್ತಲಿನವರಿಗೆ ಅಣಬೆ ಬೇಸಾಯ ಹೊಸದಲ್ಲ. ಆದರೆ ಇದನ್ನು ಹಾಗೆ ಬೆಳೆಸಲಾಗುವುದಿಲ್ಲ.

ಯಾವ ಮರವಾದರೂ ಆಗುವುದಿಲ್ಲ ಎಂಬುದು ಇಲ್ಲಿನ ಮುಖ್ಯ ಸಂಗತಿ. ಬರ್ಚ್, ಪೈನ್, ಸ್ಪ್ರೂಸ್, ಫರ್, ದೇವದಾರು ಇವೇ ಅದರ ಮುಖ್ಯ ಸಂಗಾತಿಗಳು. ಆದ್ದರಿಂದ ಅದರ ಸಹಜ ನೆಲೆ ಉತ್ತರ ಗೋಳಾರ್ಧದ ಶೀತ ಮತ್ತು ಸಮಶೀತೋಷ್ಣ ಕಾಡುಗಳು: ಸ್ಕ್ಯಾಂಡಿನೇವಿಯಾ, ರಷ್ಯಾ, ಮಧ್ಯ ಯುರೋಪ್, ಉತ್ತರ ಅಮೆರಿಕ, ನಮ್ಮ ದೇಶದಲ್ಲಿ ಹಿಮಾಲಯ. 2006ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಇದರ ಮೂಲ ಸೈಬೀರಿಯಾ ಮತ್ತು ಅಲಾಸ್ಕಾಗಳ ನಡುವಿನ ಬೆರಿಂಜಿಯಾ ಪ್ರದೇಶದಲ್ಲಿರಬಹುದೆಂದೂ, ನಾವು ಒಂದೇ ಹೆಸರಿನಿಂದ ಕರೆಯುವ ಈ ಅಣಬೆಯೊಳಗೆ ಒಂದಕ್ಕಿಂತ ಹೆಚ್ಚು ಜಾತಿಗಳು ಅಡಗಿರಬಹುದೆಂದೂ ತೋರಿಸಿತು. ದಕ್ಷಿಣ ಗೋಳಾರ್ಧದಲ್ಲಿ ಇದು ಮೊದಲು ಇರಲಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ದಕ್ಷಿಣ ಅಮೆರಿಕಗಳಲ್ಲಿ ಮರಮಟ್ಟಿಗಾಗಿ ಪೈನ್ ತೋಪುಗಳನ್ನು ಬೆಳೆಸಿದಾಗ ಸಸಿಗಳ ಬೇರಿನ ಮಣ್ಣಿನಲ್ಲಿ ಇದೂ ಹಡಗು ಹತ್ತಿ ಹೋಯಿತು. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಅದು ಪೈನಿನ ತೋಪಿನಿಂದ ಹೊರಬಿದ್ದು ಅಲ್ಲಿನ ಮೂಲ ನಿವಾಸಿಯಾದ ದಕ್ಷಿಣದ ಬೀಚ್ ಮರಗಳ ಬೇರನ್ನೂ ಹಿಡಿದಿದೆ. ಸ್ಥಳೀಯ ಅಣಬೆಗಳನ್ನು ಅದು ಬದಿಗೊತ್ತುತ್ತದೆಯೇ ಎಂಬ ಆತಂಕ ಅಲ್ಲಿಯವರಿಗೆ ಇದೆ. ಕೊಡೈಕಾನಲ್‌ನಲ್ಲಿ ನಾನು ನೋಡಿದ್ದೂ ಇಂಥ ವಲಸಿಗನನ್ನೇ. ಆ ಬೆಟ್ಟಕ್ಕೆ ಪೈನ್ ಹೊರಗಿನದು, ಪೈನಿನ ಅಣಬೆಯೂ ಹೊರಗಿನದು.

ನಮ್ಮ ಸೀಮೆಯನ್ನು ಈ ಕಣ್ಣಿನಿಂದ ನೋಡಿದರೆ ಉತ್ತರ ತಾನಾಗಿ ತೆರೆದುಕೊಳ್ಳುತ್ತದೆ. ಬೇವು, ಹುಣಸೆ, ಜಾಲಿ, ಹೊಂಗೆ, ಮುತ್ತುಗ, ಸಾಗವಾನಿ, ಮಾವು, ಇವುಗಳ ಬೇರಿಗೂ ಶಿಲೀಂಧ್ರದ ನಂಟು ಇದೆ. ಆದರೆ ಅದು ಬೇರೆ ಬಗೆಯದು. ಇಲ್ಲಿ ಶಿಲೀಂಧ್ರ ಬೇರಿನ ಕೋಶದ ಒಳಗೇ ಹೊಕ್ಕು ಮರದ ಕೊಂಬೆಗಳಂತೆ ಕವಲೊಡೆಯುತ್ತದೆ, ಮತ್ತು ಅದು ಎಂದೂ ನೆಲದ ಮೇಲೆ ಕೊಡೆ ಬಿಡಿಸುವುದಿಲ್ಲ. ಜೋಳ, ಶೇಂಗಾ, ಮೆಣಸಿನಗಿಡಗಳ ಬೇರಿನಲ್ಲಿರುವುದೂ ಅದೇ ಬಗೆ. ಬ್ಯಾಡಗಿ ಮೆಣಸಿನಕಾಯಿಯ ಹೊಲದಲ್ಲಿ ನಿಂತವನ ಕಾಲಡಿಯಲ್ಲಿ ಇಂಥ ಶಿಲೀಂಧ್ರದ ಎಳೆಗಳು ಮೈಲುಗಟ್ಟಲೆ ಇರುತ್ತವೆ, ಆದರೆ ಕಣ್ಣಿಗೆ ಬೀಳುವ ಅಣಬೆ ಒಂದೂ ಇರುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಧಾರವಾಡಕ್ಕೆ ಮಲೆನಾಡಿನ ತಂಪು ಗಾಳಿ ತಾಗುತ್ತದೆಂಬುದು ನಿಜ, ಅಲ್ಲಿಂದ ಮೂಡಣಕ್ಕೆ ಗದಗಿನ ಎರೆಭೂಮಿಗೆ ಹೋದಂತೆ ಅದೂ ಇಲ್ಲವಾಗುತ್ತದೆ. ಆದರೆ ತಂಪೊಂದೇ ಇದ್ದು ಬರ್ಚ್ ಅಥವಾ ಪೈನ್ ಇಲ್ಲದಿದ್ದರೆ ಈ ಕೆಂಪು ಕೊಡೆಗೆ ಪ್ರಯೋಜನವಿಲ್ಲ. ನರ್ಸರಿಗಳಲ್ಲಿ ಕ್ರಿಸ್‌ಮಸ್ ಗಿಡವೆಂದು ಮಾರುವ ಅರಾಕೇರಿಯಾ ನೋಡಲು ಪೈನಿನ ಹಾಗಿದ್ದರೂ ಅದರ ಬೇರಿನ ನಂಟು ನಮ್ಮ ಬೇವಿನ ಬಗೆಯದೇ, ಆದ್ದರಿಂದ ಅದನ್ನು ಅಂಗಳದಲ್ಲಿ ನೆಟ್ಟು ಕಾದರೂ ಫಲವಿಲ್ಲ.

ಹಾಗೆಂದು ಬೇರಿಗೆ ಕವಚ ತೊಡಿಸುವ ಅಣಬೆಗಳು ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ನೀಲಗಿರಿ ಮರ ಅವುಗಳನ್ನು ತಂದಿದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಮೂಲತಃ ಕುರುಚಲು ಮತ್ತು ಹುಲ್ಲುಗಾವಲಿನ ನಾಡು. ಅಲ್ಲಿ ದೊಡ್ಡ ಪ್ರಮಾಣದಲ್ಲಿ ನೀಲಗಿರಿ ನೆಟ್ಟಿದ್ದಾರೆ. ಹಾವೇರಿಯಾಗಲಿ ಬೇರೆ ಕಡೆಯಾಗಲಿ, ನೀಲಗಿರಿ ತೋಪುಗಳ ಕೆಳಗೆ ಮಳೆಗಾಲದಲ್ಲಿ ಹುಡುಕಿದರೆ ಸಿಗುವುದು ಪೈಸೊಲಿಥಸ್ ಎಂಬ ಶಿಲೀಂಧ್ರ. ಕೊಡೆಯೂ ಇಲ್ಲ, ಚುಕ್ಕೆಯೂ ಇಲ್ಲ. ಕಂದು ಬಣ್ಣದ ಅಂಕುಡೊಂಕು ಗಂಟು, ಒತ್ತಿದರೆ ಒಳಗಿನಿಂದ ಕಂದು ಹುಡಿ. ಯಾರೂ ಅದರ ಚಿತ್ರ ಗೋಡೆಗೆ ಬರೆಯುವುದಿಲ್ಲ, ಕೃಷ್ಣಮೃಗ ನೋಡಲು ಬಂದವರು ಅದನ್ನು ಕುರಿಯ ಹಿಕ್ಕೆಯೋ ಏನೋ ಎಂದು ದಾಟಿ ಹೋಗುತ್ತಾರೆ. ಆದರೆ ಕೊಡೈಕಾನಲ್ಲಿನ ಪೈನಿಗೆ ಕೆಂಪು ಅಮನಿಟಾ ಹೇಗೋ, ನೀಲಗಿರಿಗೆ ಇದು ಹಾಗೆ: ಬೇರಿನೊಂದಿಗೆ ಬಂದ ಜೊತೆಗಾರ.

ನಮ್ಮ ನೆಲದ ಸ್ವಂತ ಅಣಬೆ ಮರವನ್ನಲ್ಲ, ಗೆದ್ದಲನ್ನು ನಂಬಿಕೊಂಡಿದೆ. ಮಿರಗದ ಮಳೆ ಬಿದ್ದು ನೆಲ ನೆನೆದ ಮೇಲೆ ಹುತ್ತದ ಸುತ್ತಮುತ್ತ ಒಮ್ಮೆಲೇ ಗುಂಪಾಗಿ ಏಳುವ ಬಿಳಿಯ ಅಣಬೆಗಳನ್ನು ಹಳ್ಳಿಯವರೆಲ್ಲ ಬಲ್ಲರು. ಟರ್ಮಿಟೊಮೈಸಿಸ್ ಎಂಬ ಈ ಕುಲ ಇರುವುದು ಆಫ್ರಿಕಾ ಮತ್ತು ಏಷ್ಯಾಗಳಲ್ಲಿ ಮಾತ್ರ. ಹುತ್ತದೊಳಗೆ ಗೆದ್ದಲುಗಳು ಒಣ ಎಲೆ, ಕಟ್ಟಿಗೆಗಳನ್ನು ಜಗಿದು ತಂದು ಜೇನುಹಟ್ಟಿಯಂಥ ರಚನೆ ಕಟ್ಟಿ ಅದರಲ್ಲಿ ಈ ಶಿಲೀಂಧ್ರವನ್ನು ಬೆಳೆಸುತ್ತವೆ, ಅದನ್ನೇ ಉಣ್ಣುತ್ತವೆ. ಅಣಬೆಯನ್ನು ಮೆಲ್ಲನೆ ಅಗೆದು ತೆಗೆದರೆ ದಂಟಿನ ಮುಂದುವರಿದ ಭಾಗ ಬೇರಿನಂತೆ ತೆಳ್ಳಗಾಗುತ್ತ ಮೊಳಗಟ್ಟಲೆ ಆಳಕ್ಕೆ, ಗೆದ್ದಲಿನ ಆ ತೋಟದವರೆಗೆ ಇಳಿದಿರುತ್ತದೆ. ಪಂಚಮಿಗೆ ನಾವು ಹಾಲೆರೆಯುವ ಹುತ್ತ ಹಾವಿನದಲ್ಲ, ಗೆದ್ದಲಿನದು ಎಂಬುದು ಎಲ್ಲರಿಗೂ ಗೊತ್ತು. ಒಳಗೊಂದು ಅಣಬೆಯ ಬೇಸಾಯ ನಡೆದಿದೆ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಇನ್ನು ಕೆಂಪು ಅಣಬೆಯ ಕುಖ್ಯಾತಿಗೆ ಕಾರಣವಾದ ಗುಣದ ವಿಷಯ. ಜರ್ಮನಿಯ ಶ್ಮೀಡೆಬರ್ಗ್ ಮತ್ತು ಕೊಪ್ಪೆ 1869ರಲ್ಲಿ ಇದರಿಂದ ಮಸ್ಕರಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು, ಬಹುಕಾಲ ಅದೇ ಇದರ ವಿಷವೆಂದು ನಂಬಲಾಗಿತ್ತು. ನಮ್ಮ ನರಗಳ ಒಂದು ಬಗೆಯ ಗ್ರಾಹಕಗಳಿಗೆ ವೈದ್ಯಶಾಸ್ತ್ರದಲ್ಲಿ ಇಂದಿಗೂ ಮಸ್ಕರಿನಿಕ್ ಎಂಬ ಹೆಸರಿದೆ, ವೈದ್ಯಕೀಯ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಅದನ್ನು ಉರುಹಚ್ಚುತ್ತಾನೆ. ಆದರೆ ಈ ಅಣಬೆಯಲ್ಲಿ ಮಸ್ಕರಿನ್ ಇರುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಬೇರೆ ಕೆಲವು ಸಣ್ಣ ಬಿಳಿ, ಕಂದು ಅಣಬೆಗಳಲ್ಲಿ ಅದು ಇದಕ್ಕಿಂತ ಎಷ್ಟೋ ಹೆಚ್ಚು. ನಿಜವಾದ ಕಾರಣ ತಿಳಿದದ್ದು 1960ರ ದಶಕದ ನಡುವಿನಲ್ಲಿ, ಜಪಾನ್, ಸ್ವಿಟ್ಜರ್‌ಲೆಂಡ್ ಮತ್ತು ಇಂಗ್ಲೆಂಡುಗಳ ಸಂಶೋಧಕರಿಂದ: ಐಬೊಟೆನಿಕ್ ಆಮ್ಲ ಮತ್ತು ಮಸ್ಸಿಮಾಲ್. ಮೊದಲನೆಯದು ಮಿದುಳಿನ ನರಕೋಶಗಳನ್ನು ಕೆರಳಿಸುತ್ತದೆ. ಅದು ಇಂಗಾಲದ ಡೈಆಕ್ಸೈಡನ್ನು ಕಳೆದುಕೊಂಡು ಎರಡನೆಯದಾಗಿ ಮಾರ್ಪಡುತ್ತದೆ, ಆ ಮಸ್ಸಿಮಾಲ್ ಗಾಬಾ ಎಂಬ ಶಮನಕಾರಿ ರಾಸಾಯನಿಕದ ವೇಷ ತೊಟ್ಟು ಮಿದುಳನ್ನು ಮಂಕುಗೊಳಿಸುತ್ತದೆ. ಕೆರಳಿಕೆ ಮತ್ತು ಮಂಕು ಎರಡೂ ಒಂದೇ ದೇಹದಲ್ಲಿ ಏಕಕಾಲಕ್ಕೆ ಸೇರಿದಾಗ ಆಗುವುದು ಸುಖದ ನಶೆಯಲ್ಲ. ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ವಾಕರಿಕೆ, ತೂಕಡಿಕೆ, ತೂರಾಡುವ ನಡಿಗೆ, ಸ್ನಾಯುಗಳ ಅದುರಾಟ, ಗೊಂದಲ, ಎಚ್ಚರವೋ ಕನಸೋ ತಿಳಿಯದ ಸ್ಥಿತಿ, ಕೆಲವರಿಗೆ ಸೆಳವು, ಪ್ರಜ್ಞೆ ತಪ್ಪಿದ ಗಾಢ ನಿದ್ದೆ. ಒಂದೇ ತೋಪಿನ ಎರಡು ಅಣಬೆಗಳಲ್ಲೂ ಈ ವಸ್ತುಗಳ ಪ್ರಮಾಣ ಒಂದೇ ಸಮನಾಗಿರುವುದಿಲ್ಲ. ಇದಕ್ಕೆ ಪ್ರತ್ಯೇಕ ಮದ್ದೂ ಇಲ್ಲ, ಆಸ್ಪತ್ರೆಯಲ್ಲಿಟ್ಟು ಉಸಿರು, ರಕ್ತದೊತ್ತಡ ನೋಡಿಕೊಳ್ಳುವುದೇ ಚಿಕಿತ್ಸೆ.

ಮನುಷ್ಯರು ಇದನ್ನು ತಿಳಿದೂ ತಿಂದ ದಾಖಲೆ ಸೈಬೀರಿಯಾದಿಂದ ಬಂದಿದೆ. 1709ರ ಪೊಲ್ಟಾವಾ ಯುದ್ಧದಲ್ಲಿ ರಷ್ಯನ್ನರ ಕೈಗೆ ಸೆರೆಸಿಕ್ಕಿ ಹಲವು ವರ್ಷ ಸೈಬೀರಿಯಾದಲ್ಲಿ ಕಳೆದ ಸ್ಟ್ರಾಲೆನ್‌ಬರ್ಗ್ ಎಂಬ ಅಧಿಕಾರಿ 1730ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕೊರ್ಯಾಕ್ ಜನರ ರೂಢಿಯನ್ನು ವಿವರಿಸಿದ. ಉಳ್ಳವರು ಅಣಬೆ ಕೂಡಿಟ್ಟು ಹಬ್ಬಕ್ಕೆ ಬಳಸುತ್ತಿದ್ದರು, ಇಲ್ಲದವರು ಅವರ ಮನೆಯ ಹೊರಗೆ ಕಾದು ನಿಂತು ಅತಿಥಿಗಳ ಮೂತ್ರವನ್ನು ಹಿಡಿದು ಕುಡಿಯುತ್ತಿದ್ದರು ಎಂದು ಬರೆದಿದ್ದಾನೆ. ಓದಲು ಅಸಹ್ಯವೆನಿಸಿದರೂ ಇದರ ಹಿಂದೆ ರಸಾಯನಶಾಸ್ತ್ರವಿದೆ, ಮಾದಕ ವಸ್ತುವಿನ ಒಂದಿಷ್ಟು ಪಾಲು ದೇಹದಲ್ಲಿ ಒಡೆಯದೆ ಹಾಗೆಯೇ ಹೊರಬೀಳುತ್ತದೆ. ಬರ್ಚ್ ಕಾಡುಗಳಿರುವಲ್ಲಿ ಬದುಕಿದ ಜನಕ್ಕೆ ಮಾತ್ರ ಈ ರೂಢಿ ಸಾಧ್ಯವಿತ್ತು ಎಂಬುದನ್ನೂ ಗಮನಿಸಬೇಕು.

ಇಲ್ಲಿಂದಲೇ ನಮ್ಮ ದೇಶಕ್ಕೆ ಸಂಬಂಧಿಸಿದ ವಾದವೊಂದು ಹುಟ್ಟಿತು. ಅಮೆರಿಕದ ಬ್ಯಾಂಕ್ ಅಧಿಕಾರಿಯೂ ಹವ್ಯಾಸಿ ಅಣಬೆ ಸಂಶೋಧಕನೂ ಆಗಿದ್ದ ಗಾರ್ಡನ್ ವಾಸನ್ 1968ರಲ್ಲಿ, ಋಗ್ವೇದದ ಸೋಮ ಎಂದರೆ ಇದೇ ಕೆಂಪು ಅಣಬೆ ಎಂದು ಸಾಧಿಸಲು ಹೊರಟ. ಅವನ ವಾದದ ಬೆನ್ನೆಲುಬು ನೆಲೆಯೇ ಆಗಿತ್ತು. ಸೋಮ ಬೆಟ್ಟದ್ದು, ಅದಕ್ಕೆ ಎಲೆ, ಹೂವು, ಬೇರುಗಳ ವರ್ಣನೆ ಇಲ್ಲ, ಜನ ಬಯಲಿಗೆ ಇಳಿದು ಬಂದಂತೆ ಬರ್ಚ್ ಮತ್ತು ಪೈನ್ ಹಿಂದೆ ಉಳಿದವು, ಸೋಮವೂ ಕೈತಪ್ಪಿತು, ಆದ್ದರಿಂದ ಬದಲಿ ಸಸ್ಯಗಳು ಬಂದವು ಎಂದು ಅವನ ತರ್ಕ. ಮೂಜವತ್ ಎಂಬ ಬೆಟ್ಟದ ಸೋಮದ ಉಲ್ಲೇಖ ಋಗ್ವೇದದ ಹತ್ತನೆಯ ಮಂಡಲದಲ್ಲಿ ಇರುವುದೂ ನಿಜ. ಆದರೆ ಸಂಸ್ಕೃತ ವಿದ್ವಾಂಸ ಜಾನ್ ಬ್ರೋ 1971ರಲ್ಲೇ ಈ ವಾದವನ್ನು ವಿವರವಾಗಿ ಖಂಡಿಸಿದ. ಇರಾನಿನ ಕಡೆಯ ಸಾಕ್ಷ್ಯಗಳನ್ನು ಮುಂದಿಟ್ಟುಕೊಂಡವರು ಎಫೆಡ್ರಾ ಗಿಡವನ್ನು ತೋರಿಸುತ್ತಾರೆ. ನನಗೂ ವಾಸನ್ನನ ಮಾತು ಒಪ್ಪಿಗೆಯಾಗಿಲ್ಲ. ಕಲ್ಲಿನ ನಡುವೆ ಜಜ್ಜಿ, ಉಣ್ಣೆಯ ಜರಡಿಯಲ್ಲಿ ಸೋಸಿ, ಹಾಲು ಬೆರೆಸಿ ಕುಡಿದು ಉತ್ಸಾಹಗೊಳ್ಳುವ ಪಾನೀಯದ ವರ್ಣನೆಗೂ, ತೂಕಡಿಸಿ ಬೀಳಿಸುವ ಈ ಅಣಬೆಗೂ ಹೊಂದಿಕೆ ಕಾಣುವುದಿಲ್ಲ. ದಖ್ಖನಿನಲ್ಲಿ ಸೋಮಯಾಗ ಮಾಡಿಸುವವರು ಬಳಸುವ ಸೋಮಲತೆ ಮಾತ್ರ ನಮ್ಮ ಒಣ ಕಲ್ಲುಗುಡ್ಡಗಳ ಎಲೆಯಿಲ್ಲದ ಹಾಲುಬಳ್ಳಿ, ಅದಕ್ಕೆ ತಂಪೂ ಬೇಡ, ಬರ್ಚೂ ಬೇಡ.

ಕೆಂಪು ಅಮನಿಟಾ ನಮ್ಮಲ್ಲಿ ಬೆಳೆಯುವುದಿಲ್ಲ ಎಂದ ಮಾತ್ರಕ್ಕೆ ಮಳೆಗಾಲದಲ್ಲಿ ನಿಶ್ಚಿಂತೆಯಿಂದ ಇರುವಂತಿಲ್ಲ. ಮ್ಯಾಜಿಕ್ ಮಶ್ರೂಮ್ ಎಂಬ ಒಂದೇ ಚೀಲದಲ್ಲಿ ಜನ ಎರಡು ಬೇರೆ ಸಂಗತಿಗಳನ್ನು ತುಂಬುತ್ತಾರೆ. ಸಿಲೋಸಿಬಿನ್ ಎಂಬ ಮಾದಕ ವಸ್ತು ಇರುವ ಅಣಬೆಗಳಿಗೂ ಅಮನಿಟಾಕ್ಕೂ ರಸಾಯನದಲ್ಲಾಗಲಿ, ರೂಪದಲ್ಲಾಗಲಿ, ನೆಲೆಯಲ್ಲಾಗಲಿ ನಂಟಿಲ್ಲ. ಸಿಲೋಸಿಬಿನ್ ನಮ್ಮ ದೇಶದ 1985ರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿದೆ. ಇಂಟರ್ನೆಟ್ಟಿನಲ್ಲಿ ಫೋಟೊ ಹಾಕಿ ಇದು ಅದೇನಾ ಎಂದು ಕೇಳುವ ಹುಡುಗರಿಗೆ ನಾನು ಉತ್ತರ ಕೊಡುವುದಿಲ್ಲ, ಏಕೆಂದರೆ ಮೇಲಿನಿಂದ ತೆಗೆದ ಕೊಡೆಯ ಫೋಟೊದಿಂದ ಹೇಳಬಹುದಾದದ್ದು ಬಹಳ ಕಡಿಮೆ, ಮತ್ತು ತಪ್ಪು ಉತ್ತರದ ಬೆಲೆ ಒಂದು ಯಕೃತ್ತು ಆಗಬಹುದು.

ನಮ್ಮ ಊರುಗಳಲ್ಲಿ ನಿಜವಾಗಿ ಮೋಸ ಮಾಡುವ ಅಣಬೆ ಕೆಂಪಲ್ಲ, ಬಿಳಿ. ಕ್ಲೋರೊಫಿಲಮ್ ಮಾಲಿಬ್ಡೈಟಿಸ್ ಎಂಬ ಇದು ಉಷ್ಣವಲಯದ ಹುಲ್ಲುಹಾಸುಗಳಲ್ಲಿ ಮಳೆ ಬಿದ್ದ ಮೇಲೆ ಏಳುತ್ತದೆ. ಕೊಡೆ ಅಗಲ, ಬಿಳಿ, ಮೇಲೆ ಕಂದು ಚಕ್ಕೆ, ದಂಟಿಗೆ ಉಂಗುರ, ಒಟ್ಟಾರೆ ಸೌಮ್ಯವಾದ ರೂಪ. ಎಳೆಯದಿದ್ದಾಗ ಕಿವಿರು ಬಿಳಿಯಾಗಿದ್ದು ಬಲಿತ ಮೇಲೆ ಹಸಿರುಬೂದು ಬಣ್ಣಕ್ಕೆ ತಿರುಗುತ್ತದೆ. ಹುತ್ತದ ಅಣಬೆಯೆಂದು ತಿಳಿದು ಸಾರು ಮಾಡಿದವರಿಗೆ ಒಂದರಿಂದ ಮೂರು ಗಂಟೆಯೊಳಗೆ ವಾಂತಿ-ಭೇದಿ ಶುರುವಾಗುತ್ತದೆ. ಬೆಳ್ಳಿಯ ಚಮಚೆ ಕಪ್ಪಾಗದಿದ್ದರೆ ತಿನ್ನಬಹುದು, ಹುಳ ತಿಂದ ಅಣಬೆಗೆ ವಿಷವಿರುವುದಿಲ್ಲ, ಅರಿಷಿಣ ಹಾಕಿ ಕುದಿಸಿದರೆ ಸರಿಹೋಗುತ್ತದೆ ಎಂಬ ಮಾತುಗಳಲ್ಲಿ ಒಂದೂ ನಿಜವಲ್ಲ.

ಅಣಬೆ ತಿಂದು ಯಾರಿಗಾದರೂ ತೊಂದರೆಯಾದರೆ ಮನೆಮದ್ದಿಗೆ ಕೂರದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ತಿಂದು ಆರು ಗಂಟೆ ಕಳೆದ ಮೇಲೆ ವಾಂತಿ ಶುರುವಾದರೆ ಅದು ಇನ್ನೂ ಗಂಭೀರ, ಏಕೆಂದರೆ ಯಕೃತ್ತಿಗೆ ಹೊಡೆಯುವ ಜಾತಿಗಳ ಪರಿಣಾಮ ತಡವಾಗಿ ಕಾಣಿಸಿಕೊಳ್ಳುತ್ತದೆ, ನಡುವೆ ಒಮ್ಮೆ ಗುಣವಾದಂತೆಯೂ ತೋರುತ್ತದೆ. ಉಳಿದ ಅಣಬೆ ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬಾರದು, ಬೆವೆತು ಕೊಳೆಯುತ್ತದೆ. ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಬುಡದ ಗೆಡ್ಡೆಯನ್ನೂ ಅದಕ್ಕೆ ಅಂಟಿದ ಮಣ್ಣನ್ನೂ ಕೊಡವದೆ ಒಯ್ಯಬೇಕು. ಹುತ್ತದ ಹತ್ತಿರ ಎದ್ದಿತ್ತೋ, ಹುಲ್ಲುಹಾಸಿನಲ್ಲೋ, ತಿಪ್ಪೆಯ ಮೇಲೋ, ನೀಲಗಿರಿಯ ಕೆಳಗೋ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಬೇಕು.